ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಮಾಡುತ್ತಾ ಕೂತಿರುತ್ತೀರಿ, ಟಪ್ ಅಂತ ಪರದೆ ಕಪ್ಪಾಗುತ್ತದೆ. ಸೇವ್ ಮಾಡದೆ ಬಿಟ್ಟಿದ್ದೆಲ್ಲ ಹೋಯಿತು. ಮತ್ತೆ ಆನ್ ಮಾಡಿದರೆ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಓಡುತ್ತದೆ. ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಅದೇ ಕಥೆ. ಇಂಥ ಕಂಪ್ಯೂಟರುಗಳನ್ನು ಸುಮಾರು ಬಿಚ್ಚಿ ನೋಡಿದ್ದೇನೆ, ನನ್ನದೂ ಅದರಲ್ಲಿ ಸೇರಿದೆ. ಪರಿಚಯದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಎಲ್ಲಿಂದ ಶುರು ಮಾಡಬೇಕು?

ಸ್ಕ್ರೂಡ್ರೈವರ್ ಸದ್ಯಕ್ಕೆ ಕೆಳಗಿಡಿ. ಹೊಸ ಪಾರ್ಟ್‌ಗೆ ಆರ್ಡರ್ ಮಾಡುವುದನ್ನೂ ನಿಲ್ಲಿಸಿ. ಮೊದಲು ನೋಡಬೇಕಾದ್ದು ಅದು ಹೇಗೆ ಆಫ್ ಆಗುತ್ತಿದೆ ಅನ್ನೋದನ್ನು. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಯಾರೋ ಪ್ಲಗ್ ಕಿತ್ತ ಹಾಗೆ ಫ್ಯಾನು, ಲೈಟು, ಪರದೆ ಎಲ್ಲ ಒಂದೇ ಏಟಿಗೆ ನಿಂತರೆ ಕರೆಂಟಿನ ದಾರಿಯಲ್ಲಿ ಅಥವಾ ಬಿಸಿಯಲ್ಲಿ ತೊಂದರೆ ಇದೆ. ಪರದೆ ನೀಲಿಯಾಗಿ, ಇಲ್ಲವೇ ಒಂದು ಕ್ಷಣ ಕಲ್ಲಿನಂತೆ ನಿಂತು ತಾನೇ ಮತ್ತೆ ಶುರುವಾದರೆ ರ‍್ಯಾಮ್, ಡ್ರೈವರ್ ಅಥವಾ ಪ್ರೊಸೆಸರ್ ಕಡೆಗೆ ನೋಡಿ. "ಶಟಿಂಗ್ ಡೌನ್" ಅಂತ ತೋರಿಸಿ ಸಾವಕಾಶವಾಗಿ ಆಫ್ ಆದರೆ ಸಾಮಾನ್ಯವಾಗಿ ಯಾವುದೋ ಸಾಫ್ಟ್‌ವೇರ್ ಹಾಗೆ ಮಾಡು ಅಂತ ಹೇಳಿದೆ. ಅಪ್‌ಡೇಟ್ ಇರಬಹುದು, ಬ್ಯಾಟರಿ ಸೆಟ್ಟಿಂಗ್ ಇರಬಹುದು. ಇನ್ನೊಂದು ಉಂಟು: ಪರದೆ ಮಾತ್ರ ಕಪ್ಪಾಗಿ ಒಳಗೆ ಫ್ಯಾನ್ ಓಡುತ್ತಲೇ ಇರುತ್ತದೆ. ಕಂಪ್ಯೂಟರ್ ಆಗ ಆಫ್ ಆಗಿಯೇ ಇರುವುದಿಲ್ಲ. ಮಾನಿಟರ್, ಕೇಬಲ್, ಗ್ರಾಫಿಕ್ಸ್ ಕಾರ್ಡ್ ಅಥವಾ ನಿದ್ದೆಯಿಂದ ಏಳದ ವಿಂಡೋಸ್ ಅದಕ್ಕೆ ಕಾರಣ. ಈ ವ್ಯತ್ಯಾಸ ಗಮನಿಸದೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಪಾರ್ಟ್‌ಗಳಿಗೆ ಹೊಂದುವಂತೆ ಬದಲಾಯಿಸಿ ಕೊಡುವ ಡಬ್ಬ) ಬದಲಾಯಿಸಿದವರನ್ನು ನೋಡಿದ್ದೇನೆ.

ಒಂದು ಹಾಳೆ ತೆಗೆದುಕೊಂಡು ಮೂರು ವಿಷಯ ಬರೆದಿಡಿ. ಆನ್ ಮಾಡಿ ಎಷ್ಟು ಹೊತ್ತಿಗೆ ಆಫ್ ಆಯಿತು, ಆಗ ಏನು ಮಾಡುತ್ತಿದ್ದಿರಿ, ತಕ್ಷಣ ಮತ್ತೆ ಆನ್ ಆಯಿತಾ ಅಥವಾ ಕಾಯಬೇಕಾಯಿತಾ. ನಾಲ್ಕೈದು ಸಲ ಬರೆದರೆ ಸಾಕು, ಒಂದು ಕ್ರಮ ಕಾಣತೊಡಗುತ್ತದೆ.

ವಿಂಡೋಸ್ ತಾನೇ ಏನಾದರೂ ಬರೆದಿಟ್ಟಿರುತ್ತದೆಯೇ?

ಇಟ್ಟಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರ ಒಳಗೆ ಸಿಸ್ಟಮ್. ಅಲ್ಲಿ ಕೆಂಪು, ಹಳದಿ ಗುರುತುಗಳ ಸಾಲು ನೋಡಿ ಗಾಬರಿ ಬೀಳಬೇಡಿ. ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅಂಥವು ರಾಶಿ ಇರುತ್ತವೆ. ನಿಮಗೆ ಬೇಕಾದ್ದು ಮೂರೇ ಮೂರು ನಂಬರು.

1074 ಕಂಡರೆ ಯಾರೋ ಕ್ರಮವಾಗಿ ಆಫ್ ಅಥವಾ ರೀಸ್ಟಾರ್ಟ್ ಮಾಡಿಸಿದ್ದಾರೆ ಅಂತ ಅರ್ಥ. ಯಾವ ಪ್ರೋಗ್ರಾಮ್ ಮಾಡಿಸಿತು ಅನ್ನುವುದೂ ಅದರಲ್ಲೇ ಇರುತ್ತದೆ. ಅಲ್ಲಿ ವಿಂಡೋಸ್ ಅಪ್‌ಡೇಟ್ ಹೆಸರು ಇದ್ದರೆ ಹಾರ್ಡ್‌ವೇರ್ ಮುಟ್ಟುವ ಕೆಲಸವೇ ಇಲ್ಲ. ಅಪ್‌ಡೇಟ್ ಸೆಟ್ಟಿಂಗಿನಲ್ಲಿ ನೀವು ಕೆಲಸ ಮಾಡುವ ಗಂಟೆಗಳನ್ನು ಹೇಳಿಬಿಡಿ, ಆ ಹೊತ್ತಿನಲ್ಲಿ ಅದು ಸುಮ್ಮನಿರುತ್ತದೆ. 6008 ಅಂದರೆ ಹಿಂದಿನ ಸಲ ಸರಿಯಾಗಿ ಆಫ್ ಆಗಿರಲಿಲ್ಲ ಎಂಬ ದೂರು. ಇನ್ನೊಂದು 41, ಕರ್ನಲ್ ಪವರ್ ಹೆಸರಿನಲ್ಲಿ ಬರುತ್ತದೆ.

41 ಕಂಡರೆ ಎಸ್‌ಎಂಪಿಎಸ್ ಹೋಗಿದೆ ಅಂತಲೇ ಅರ್ಥವೇ?

ಖಂಡಿತ ಅಲ್ಲ. ಹೆಸರಿನಲ್ಲಿ ಪವರ್ ಇರುವುದರಿಂದ ಎಲ್ಲರಿಗೂ ಹಾಗೆ ಅನ್ನಿಸುತ್ತದೆ. ಅದು ಬರೆದಿರುವುದು ಆಫ್ ಆಗುವ ಹೊತ್ತಿನಲ್ಲಿ ಅಲ್ಲ, ಮತ್ತೆ ಆನ್ ಆದ ಮೇಲೆ. "ನಾನು ಸರಿಯಾಗಿ ಮಲಗಿರಲಿಲ್ಲ, ಈಗ ಎದ್ದಿದ್ದೇನೆ" ಅಂತ ವಿಂಡೋಸ್ ಹೇಳುತ್ತಿದೆ, ಅಷ್ಟೇ.

ಆದರೂ ಅದನ್ನು ಪೂರ್ತಿ ತೆರೆದು ಡೀಟೇಲ್ಸ್ ಭಾಗ ನೋಡುವುದು ಒಳ್ಳೆಯದು. ಬಗ್‌ಚೆಕ್ ಕೋಡ್ ಎಂಬ ಕಡೆ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅಲ್ಲಿ ನೀಲಿ ಪರದೆ ಬಂದು ಹೋಗಿದೆ, ನೀವು ನೋಡಿಲ್ಲ. ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಸೊನ್ನೆ ಅಲ್ಲದಿದ್ದರೆ ಯಾರೋ ಬಟನ್ ಒತ್ತಿ ಹಿಡಿದಿದ್ದಾರೆ, ಅಥವಾ ಬಟನ್ನೇ ಒಳಗೆ ಸಿಕ್ಕಿಕೊಂಡಿದೆ. ಎರಡೂ ಸೊನ್ನೆ ಇದ್ದರೆ ವಿಂಡೋಸಿಗೆ ಒಂದು ಅಕ್ಷರ ಬರೆಯಲೂ ಪುರುಸೊತ್ತು ಸಿಕ್ಕಿಲ್ಲ. ಕರೆಂಟು, ಬಿಸಿ ಅಥವಾ ಪೂರ್ತಿ ಹ್ಯಾಂಗ್, ಈ ಮೂರರಲ್ಲಿ ಒಂದನ್ನು ಹುಡುಕಬೇಕು.

ಬಿಸಿಯಿಂದಲೇ ಆಫ್ ಆಗುತ್ತಿದೆ ಅಂತ ಹೇಗೆ ತಿಳಿಯುವುದು?

ಎಚ್‌ಡಬ್ಲ್ಯೂಇನ್ಫೋ ಅಥವಾ ಕೋರ್ ಟೆಂಪ್ ತರಹದ ಒಂದು ಉಚಿತ ಪ್ರೋಗ್ರಾಮ್ ಹಾಕಿಕೊಂಡು ಪರದೆಯ ಮೂಲೆಯಲ್ಲಿ ತೆರೆದಿಡಿ. ಎಚ್‌ಡಬ್ಲ್ಯೂಇನ್ಫೋದಲ್ಲಿ ಲಾಗ್ ಬರೆಯುವ ಸೌಲಭ್ಯವಿದೆ, ಆಫ್ ಆಗುವ ಮುಂಚಿನ ಕೊನೆಯ ಸಾಲು ಫೈಲಿನಲ್ಲಿ ಉಳಿದಿರುತ್ತದೆ.

ಅಂಕಿಗಳನ್ನು ಓದುವಾಗ ಒಂದು ಮಾತು ನೆನಪಿರಲಿ. 80 ಡಿಗ್ರಿ ಕಂಡ ಕೂಡಲೇ "ಅಯ್ಯೋ ಸುಟ್ಟೇ ಹೋಯಿತು" ಅನ್ನಬೇಡಿ. ಇಂಟೆಲ್‌ನ ಹಲವಾರು ಪ್ರೊಸೆಸರುಗಳ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜೆನ್ 7000 ಸರಣಿಯ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಭಾರಿ ಕೆಲಸದಲ್ಲಿ 95 ಡಿಗ್ರಿಗೆ ಹೋಗುವಂತೆಯೇ ರೂಪಿಸಿರುವಂಥವು. ಮಿತಿ ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಕಂಪ್ಯೂಟರ್ ನಿಧಾನವಾಗುತ್ತದೆ, ಆಫ್ ಆಗುವುದಿಲ್ಲ. ವೇಗ ಇಳಿಸಿದರೂ ಬಿಸಿ ಏರುತ್ತಲೇ ಹೋದರೆ ಮಾತ್ರ, ಚಿಪ್ ಉಳಿಸಿಕೊಳ್ಳಲು ಕರೆಂಟು ಕಡಿದುಹಾಕುತ್ತದೆ. ಅಂದರೆ ಬಿಸಿಯಿಂದ ಪೂರ್ತಿ ಆಫ್ ಆಗುತ್ತಿದೆ ಅಂದರೆ ಸ್ವಲ್ಪ ಧೂಳು ಕೂತಿದೆ ಅನ್ನುವಷ್ಟು ಸಣ್ಣ ವಿಷಯ ಅಲ್ಲದಿರಬಹುದು. ಫ್ಯಾನ್ ತಿರುಗುತ್ತಿಲ್ಲ, ಲಿಕ್ವಿಡ್ ಕೂಲರಿನ ಪಂಪ್ ನಿಂತಿದೆ, ಅಥವಾ ಹೀಟ್‌ಸಿಂಕ್ (ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಒಂದು ಮೂಲೆಯಲ್ಲಿ ಸಡಿಲವಾಗಿ ಪ್ರೊಸೆಸರಿಗೆ ತಾಗುತ್ತಲೇ ಇಲ್ಲ.

ಆನ್ ಮಾಡಿದ ಅರ್ಧ ನಿಮಿಷದಲ್ಲೇ ಆಫ್ ಆಗಿ, ಆ ಅರ್ಧ ನಿಮಿಷದಲ್ಲೇ ಬಯೋಸ್ ಪರದೆಯಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಪ್ರೊಸೆಸರ್ ಬಿಸಿ ಸರಸರ ಏರುವುದು ಕಂಡರೆ ಹೀಟ್‌ಸಿಂಕ್ ಕೂತಿಲ್ಲ ಅಂತಲೇ ತಿಳಿಯಿರಿ. ಹೊಸ ಕೂಲರ್ ಹಾಕಿದ ದಿನವೇ ಹೀಗಾದರೆ ಕೆಳಗಿನ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ನಗಬೇಡಿ, ಬಹಳ ಜನ ಮರೆತಿದ್ದಾರೆ.

ಧೂಳು ಹೇಗೆ ತೆಗೆಯಬೇಕು? ಥರ್ಮಲ್ ಪೇಸ್ಟ್ ನಾನೇ ಹಾಕಬಹುದೇ?

ಪ್ಲಗ್ ಕಿತ್ತು, ಪವರ್ ಬಟನ್ ಐದಾರು ಸೆಕೆಂಡು ಒತ್ತಿ ಹಿಡಿದು, ಆಮೇಲೆ ಮುಚ್ಚಳ ತೆಗೆಯಿರಿ. ಗಾಳಿಯ ಡಬ್ಬಿಯಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬುಗುರಿಯ ಹಾಗೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಧೂಳು ಹೊರಗೆ ಕಾಣುವುದಿಲ್ಲ. ಫ್ಯಾನಿಗೂ ಹೀಟ್‌ಸಿಂಕಿನ ತೆಳು ತಗಡುಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹೊರಗಿನಿಂದ ಊದಿದರೆ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ, ಬಿಚ್ಚಿಯೇ ತೆಗೆಯಬೇಕು.

ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸಲು ಎರಡರ ನಡುವೆ ಹಚ್ಚುವುದೇ ಥರ್ಮಲ್ ಪೇಸ್ಟ್. ಅದನ್ನು ಹಾಕುವುದು ಕಷ್ಟವಲ್ಲ. ಹಳೆಯದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನಡುವೆ ಬಟಾಣಿಯಷ್ಟು ಇಟ್ಟು, ಹೀಟ್‌ಸಿಂಕ್ ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬನ್ನಿ.

ಬಿಸಿ ಏನೂ ಇಲ್ಲ. ಆದರೆ ಗೇಮ್ ಶುರು ಮಾಡಿದ ಕೂಡಲೇ ಆಫ್. ಯಾಕೆ?

ಇಂಥ ಕಡೆ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಗ್ರಾಫಿಕ್ಸ್ ಕಾರ್ಡ್ ಎಳೆಯುವ ಕರೆಂಟು ನಲ್ಲಿ ನೀರಿನ ಹಾಗೆ ಒಂದೇ ಸಮನೆ ಇರುವುದಿಲ್ಲ. ಡಬ್ಬದ ಮೇಲೆ 300 ವಾಟ್ ಅಂತ ಬರೆದ ಕಾರ್ಡ್, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಅದರ ಸುಮಾರು ಎರಡು ಪಟ್ಟು ಎಳೆಯಬಹುದು. ಎಸ್‌ಎಂಪಿಎಸ್ ಒಳಗಿನ ರಕ್ಷಣೆಯ ಸರ್ಕ್ಯೂಟಿಗೆ ಅದು ಶಾರ್ಟ್ ಆದ ಹಾಗೆ ಕಾಣುತ್ತದೆ, ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಈ ತಕರಾರು ಜಾಸ್ತಿಯಾಗಿದ್ದರಿಂದಲೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ಹೊಸ ಪವರ್ ಕನೆಕ್ಟರ್ ಇರುವ ಎಸ್‌ಎಂಪಿಎಸ್‌ಗಳು ತಮ್ಮ ಶಕ್ತಿಯ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡು ತಡೆದುಕೊಳ್ಳಬೇಕು ಎಂದು ಸೇರಿಸಿದರು.

ಹಣ ಖರ್ಚು ಮಾಡದೆ ಪರೀಕ್ಷಿಸಲು ಒಂದು ದಾರಿ ಇದೆ. ಎಂಎಸ್ಐ ಆಫ್ಟರ್‌ಬರ್ನರ್ ತರಹದ ಪ್ರೋಗ್ರಾಮಿನಲ್ಲಿ ಕಾರ್ಡಿನ ಪವರ್ ಲಿಮಿಟ್ ಅನ್ನು ಶೇಕಡ 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ಆಫ್ ಆಗುವುದು ನಿಂತರೆ ಎಸ್‌ಎಂಪಿಎಸ್ ಅಥವಾ ಅದರ ಕೇಬಲ್ ಮೇಲಿನ ಅನುಮಾನ ಗಟ್ಟಿಯಾಯಿತು. ಕೇಬಲ್ಲನ್ನೂ ನೋಡಿ. ಎಂಟು ಪಿನ್ನಿನ ಒಂದು ಕನೆಕ್ಟರಿಗೆ ನಿಗದಿ ಮಾಡಿರುವುದು 150 ವಾಟ್. ಕಾರ್ಡಿನಲ್ಲಿ ಅಂಥ ಎರಡು ಸಾಕೆಟ್ ಇದ್ದರೆ ಒಂದೇ ಕೇಬಲ್ಲಿನ ಎರಡು ತುದಿ ಹಾಕುವ ಬದಲು ಎರಡು ಬೇರೆ ಕೇಬಲ್ ಎಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಕಾಯಿಲೆ ವಾಸಿಯಾಗುತ್ತದೆ.

ಎಸ್‌ಎಂಪಿಎಸ್ ಕೆಟ್ಟಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಒಂದು ಗುರುತು ಹೇಳುತ್ತೇನೆ. ಆಫ್ ಆದ ಮೇಲೆ ಮುಂದಿನ ಬಟನ್ ಎಷ್ಟು ಒತ್ತಿದರೂ ಏಳುವುದಿಲ್ಲ, ಹಿಂದಿನ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮಾತ್ರ ಏಳುತ್ತದೆ. ಹೀಗಿದ್ದರೆ ಅದರ ರಕ್ಷಣೆಯ ಸರ್ಕ್ಯೂಟ್ ಕೆಲಸ ಮಾಡಿದೆ. ಆದರೆ ರಕ್ಷಣೆ ಕೆಲಸ ಮಾಡಿದ ಮಾತ್ರಕ್ಕೆ ಅದೇ ಕೆಟ್ಟಿದೆ ಅಂತ ಅಲ್ಲ, ಎದುರಿಗಿರುವ ಯಾವುದೋ ಪಾರ್ಟ್ ಜಾಸ್ತಿ ಎಳೆದಿರಬಹುದು, ಮದರ್‌ಬೋರ್ಡ್ ಕೆಳಗೆ ಒಂದು ಸ್ಕ್ರೂ ಬಿದ್ದು ಶಾರ್ಟ್ ಆಗಿರಬಹುದು.

ಮಲ್ಟಿಮೀಟರ್ ಹಿಡಿಯಲು ಬರುವವರಿಗೆ: 12 ವೋಲ್ಟಿನ ತಂತಿ 11.4ರಿಂದ 12.6ರ ಒಳಗೆ, 5 ವೋಲ್ಟಿನದು 4.75ರಿಂದ 5.25ರ ಒಳಗೆ ಇರಬೇಕು. ಕೆಲಸದ ಭಾರ ಇರುವಾಗಲೇ ಅಳೆಯಿರಿ. ಪೇಪರ್ ಕ್ಲಿಪ್ಪಿನಿಂದ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ "ಫ್ಯಾನ್ ತಿರುಗಿತು, ಚೆನ್ನಾಗಿದೆ" ಅನ್ನುವ ಪರೀಕ್ಷೆ ಇದೆಯಲ್ಲ, ಅದು ಹೇಳುವುದು ಆನ್ ಆಗುತ್ತದೆ ಅಂತ ಮಾತ್ರ. ಭಾರ ಹೊರುತ್ತದಾ ಅಂತ ಹೇಳುವುದಿಲ್ಲ. ನಂಬಿಕೆಗೆ ತಕ್ಕ ಪರೀಕ್ಷೆ ಅಂದರೆ ಸ್ನೇಹಿತರ ಬಳಿ ಒಂದು ಒಳ್ಳೆಯ ಎಸ್‌ಎಂಪಿಎಸ್ ಎರವಲು ತಂದು ಎರಡು ದಿನ ಓಡಿಸಿ ನೋಡುವುದು. ಆಗ ಅದರ ಜೊತೆ ಬಂದ ಕೇಬಲ್ಲುಗಳನ್ನೇ ಬಳಸಿ. ಬೇರೆ ಕಂಪನಿಯ ಕೇಬಲ್ ಸಾಕೆಟ್ಟಿಗೆ ಕೂತರೂ ಪಿನ್ನುಗಳ ಕ್ರಮ ಬೇರೆ ಇರುತ್ತದೆ, ಹಾರ್ಡ್ ಡಿಸ್ಕ್ ಸುಟ್ಟುಹೋಗುತ್ತದೆ.

ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಗೋಡೆಯ ಕಡೆಯ ತೊಂದರೆಯೂ ಇರಬಹುದಲ್ಲವೇ?

ಇರಬಹುದು, ಮತ್ತು ಇದನ್ನೇ ಎಲ್ಲರೂ ಕೊನೆಗೆ ನೋಡುತ್ತಾರೆ. ನಾನೂ ಅಷ್ಟೇ. ಒಂದು ಸಲ ನನ್ನ ಡೆಸ್ಕ್‌ಟಾಪ್ ವಾರಕ್ಕೆರಡು ಸಲ ಆಫ್ ಆಗತೊಡಗಿತು. ರ‍್ಯಾಮ್ ತೆಗೆದು ಹಾಕಿದೆ, ಪೇಸ್ಟ್ ಬದಲಾಯಿಸಿದೆ, ಹೊಸ ಎಸ್‌ಎಂಪಿಎಸ್ ಕೂಡ ತಂದೆ. ಕೊನೆಗೆ ನೋಡಿದರೆ ಮೇಜಿನ ಕೆಳಗಿನ ಎಕ್ಸ್‌ಟೆನ್ಷನ್ ಬೋರ್ಡಿನ ಒಂದು ಸಾಕೆಟ್ ಸಡಿಲ. ನಾನು ಕಾಲು ಚಾಚಿದಾಗಲೆಲ್ಲ ಪ್ಲಗ್ ಅಲುಗಾಡುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಹಾಗಾಗಿ ಕಂಪ್ಯೂಟರನ್ನು ಒಂದೆರಡು ದಿನ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದೆ ಚುಚ್ಚುವ ಕೇಬಲ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಯುಪಿಎಸ್ ಇದ್ದರೆ ಅದರ ಮೇಲೂ ಕಣ್ಣಿಡಿ. ಅದರಲ್ಲಿರುವ ಲೆಡ್ ಆಸಿಡ್ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆಮೇಲೆ ಕರೆಂಟು ಒಂದು ಕ್ಷಣ ಕುಸಿದಾಗ ಯುಪಿಎಸ್ಸೇ ಮೊದಲು ಕೈಚೆಲ್ಲುತ್ತದೆ. ಮನೆಯ ದೀಪ ಮಿಣಕ್ ಎಂದಾಗಲೇ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ತಪ್ಪು ಅಲ್ಲೇ ಇದೆ.

ಲ್ಯಾಪ್‌ಟಾಪ್ ಬ್ಯಾಟರಿ 30 ಪರ್ಸೆಂಟ್ ತೋರಿಸುತ್ತಿರುವಾಗಲೇ ಆಫ್ ಆಗುತ್ತದೆ. ಹೇಗೆ ಸಾಧ್ಯ?

ಬ್ಯಾಟರಿಗೆ ವಯಸ್ಸಾಗಿದೆ. ಲಿಥಿಯಂ ಬ್ಯಾಟರಿ ಹಳೆಯದಾದಂತೆ ಒಳಗಿನ ತಡೆ ಹೆಚ್ಚುತ್ತದೆ. ಸುಮ್ನೆ ಓದುತ್ತಾ ಕೂತಾಗ ಪರವಾಗಿಲ್ಲ, ಭಾರಿ ಕೆಲಸ ಕೊಟ್ಟು ಒಮ್ಮೆಲೇ ಹೆಚ್ಚು ಕರೆಂಟು ಕೇಳಿದರೆ ಅದರ ವೋಲ್ಟೇಜ್ ಧಡಕ್ಕನೆ ಬೀಳುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಖಾಲಿಯಾದ ಹಾಗೆ ಕಾಣುತ್ತದೆ. ಫೋನುಗಳಲ್ಲೂ ಇದೇ ಕಾಯಿಲೆ. ಹಳೆ ಬ್ಯಾಟರಿಯ ಐಫೋನುಗಳು ಹೀಗೆ ಆಫ್ ಆಗದಿರಲಿ ಅಂತ ಆಪಲ್ 2017ರ ಆರಂಭದಲ್ಲಿ ಅಪ್‌ಡೇಟ್ ಮೂಲಕ ಅವುಗಳ ವೇಗ ತಗ್ಗಿಸಿತ್ತು. ವರ್ಷದ ಕೊನೆಗೆ ವಿಷಯ ಹೊರಬಿದ್ದಾಗ ಕ್ಷಮೆ ಕೇಳಬೇಕಾಯಿತು.

ವಿಂಡೋಸಿನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ. ಆ ರಿಪೋರ್ಟಿನಲ್ಲಿ ಡಿಸೈನ್ ಕೆಪ್ಯಾಸಿಟಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂಬ ಎರಡು ಅಂಕಿ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಬಂದಿದ್ದರೆ ಬ್ಯಾಟರಿ ಬದಲಾಯಿಸುವ ಹೊತ್ತಾಗಿದೆ.

ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಲ್ಲಿಗೆ ಬಳಕೆ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ.

ಚಾರ್ಜರ್ ಹಾಕಿದ್ದರೂ ಲ್ಯಾಪ್‌ಟಾಪ್ ಆಫ್ ಆಗುತ್ತಿದೆ?

ಚಾರ್ಜರ್ ಮೇಲಿನ ವಾಟ್ ಓದಿ. 100 ವಾಟ್ ಬೇಡುವ ಲ್ಯಾಪ್‌ಟಾಪಿಗೆ ಫೋನಿನದ್ದೋ, ಬೇರೆ ಲ್ಯಾಪ್‌ಟಾಪಿನದ್ದೋ 45 ವಾಟ್ ಚಾರ್ಜರ್ ಹಾಕಿದರೆ ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬಿಕೊಡಬೇಕು. ಬ್ಯಾಟರಿ ಸೋತಿದ್ದರೆ ಮುಗಿಯಿತು. ಪಿನ್ ಅಲುಗಾಡಿಸಿದಾಗ ಚಾರ್ಜಿಂಗ್ ಗುರುತು ಬಂದು ಹೋಗುತ್ತದಾ, ಅದನ್ನೂ ನೋಡಿ.

ಆಫ್ ಆಗಿ ತಾನೇ ರೀಸ್ಟಾರ್ಟ್ ಆಗುತ್ತದೆ. ನೀಲಿ ಪರದೆ ಓದಲು ಸಮಯವೇ ಸಿಗುವುದಿಲ್ಲ.

ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಸ್ಟಾರ್ಟಪ್ ಅಂಡ್ ರಿಕವರಿ ಇದೆ. ಅಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಹಾಗೇ ನಿಲ್ಲುತ್ತದೆ, ಫೋಟೋ ತೆಗೆದುಕೊಳ್ಳಿ.

ನೀಲಿ ಪರದೆಯಲ್ಲಿ ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ನಾನು ಮೊದಲು ರ‍್ಯಾಮ್ ನೋಡುತ್ತೇನೆ. ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಆಗಿದ್ದರೆ ಆಫ್ ಮಾಡಿ ಎರಡು ದಿನ ಓಡಿಸಿ. ಅದು ಮೆಮೊರಿಯನ್ನು ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಅಂದರೆ ಒಂದು ಬಗೆಯ ಓವರ್‌ಕ್ಲಾಕಿಂಗ್, ಎಲ್ಲ ಕಂಪ್ಯೂಟರಿಗೂ ಒಗ್ಗುವುದಿಲ್ಲ. ಆಮೇಲೆ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮನ್ನು ಪೆನ್ ಡ್ರೈವಿನಿಂದ ಹಾಕಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ಜಾಸ್ತಿಯೇ. ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಯಾವುದು ಕೆಟ್ಟಿದೆ ಅಂತ ಹುಡುಕಿ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಒಂದು ಕೆಲಸ ತಪ್ಪದೆ ಮಾಡಿ. ಅವುಗಳಲ್ಲಿ ಹಲವು ಮಾದರಿಗಳು ಜಾಸ್ತಿ ವೋಲ್ಟೇಜಿನಿಂದ ಕ್ರಮೇಣ ಸವೆದು ಕ್ರ್ಯಾಶ್ ಆಗುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಬಯೋಸ್ ಮೂಲಕ ಚಿಪ್ಪಿಗೆ ಹೋಗುವ ಮೈಕ್ರೋಕೋಡ್ (ಚಿಪ್ಪಿನ ಒಳ ಸೂಚನೆಗಳು) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಬಯೋಸ್ ಅಪ್‌ಡೇಟ್ ಮಾಡಿದರೆ ಮುಂದಿನ ಸವೆತ ತಪ್ಪುತ್ತದೆ. ಈಗಾಗಲೇ ಸವೆದ ಚಿಪ್ ಅದರಿಂದ ಸರಿಹೋಗುವುದಿಲ್ಲ, ಬದಲಾಯಿಸಿಕೊಳ್ಳಬೇಕು.

ಆನ್ ಮಾಡಿದ ನಾಲ್ಕೇ ಸೆಕೆಂಡಿಗೆ ಆಫ್ ಆಗುತ್ತದೆ. ಪ್ರತಿ ಸಲವೂ ಅಷ್ಟೇ ಹೊತ್ತು.

ಪವರ್ ಬಟನ್ ಒಳಗೆ ಸಿಕ್ಕಿಕೊಂಡಿರಬಹುದು. ಸುಮಾರು ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಬಲವಂತವಾಗಿ ಆಫ್ ಆಗುವುದು ನಿಯಮ. ಸಿಕ್ಕಿಕೊಂಡ ಬಟನ್ ಅದನ್ನೇ ಮಾಡುತ್ತಿದೆ. ಆನ್ ಆದ ಕೂಡಲೇ ಕ್ಯಾಬಿನೆಟ್ಟಿನಿಂದ ಮದರ್‌ಬೋರ್ಡಿಗೆ ಬರುವ ಬಟನ್ನಿನ ಎರಡು ತಂತಿಯ ಕನೆಕ್ಟರ್ ಕಿತ್ತುಬಿಡಿ. ಆಗ ಆಫ್ ಆಗದೆ ಓಡಿದರೆ ಕಾರಣ ಸಿಕ್ಕಿತು.

ವೈರಸ್ಸಿನಿಂದ ಹೀಗಾಗಬಹುದೇ?

ಈಗ ಅಪರೂಪ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಹರಡಿದಾಗ ವಿಂಡೋಸ್ ಎಕ್ಸ್‌ಪಿ ಪರದೆಯಲ್ಲಿ 60 ಸೆಕೆಂಡುಗಳ ಎಣಿಕೆ ಶುರುವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಮರುವರ್ಷ ಸಾಸರ್ ಕೂಡ ಹಾಗೇ ಮಾಡಿತು. "ಆಫ್ ಆದರೆ ವೈರಸ್" ಎಂಬ ಮಾತು ಆ ಕಾಲದಿಂದಲೇ ಉಳಿದುಕೊಂಡಿರಬೇಕು.

ವಿಂಡೋಸ್ ಹೊಸದಾಗಿ ಹಾಕಿದರೆ ಸರಿಹೋಗುತ್ತದೆಯೇ?

ಕರೆಂಟಿನ ತೊಂದರೆಗೆ ವಿಂಡೋಸ್ ಬದಲಾಯಿಸುವುದು ಹುತ್ತ ಬಡಿದು ಹಾವು ಕೊಲ್ಲಲು ಹೊರಟ ಹಾಗೆ. ಒಂದು ಪೆನ್ ಡ್ರೈವಿನಲ್ಲಿ ಉಬುಂಟು (ವಿಂಡೋಸ್ ಬದಲು ಓಡಿಸಬಹುದಾದ ಉಚಿತ ಲಿನಕ್ಸ್) ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಶುರು ಮಾಡಿ, ಒಂದಿಷ್ಟು ಗಂಟೆ ವಿಡಿಯೋ ಓಡಿಸಿ. ಅಲ್ಲೂ ಆಫ್ ಆದರೆ ವಿಂಡೋಸ್ ನಿರಪರಾಧಿ.

ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಾಯಿಸಲು ಹೇಳಿದ್ದಾರೆ.

ಗಡಿಯಾರ, ತಾರೀಕು ಹಿಂದೆ ಹೋಗುತ್ತಿದ್ದರೆ ಬದಲಾಯಿಸಿ. ಓಡುತ್ತಿರುವ ಕಂಪ್ಯೂಟರ್ ಆಫ್ ಆಗುವುದಕ್ಕೆ ಅದು ಕಾರಣವಾಗುವುದು ಬಹಳ ಕಡಿಮೆ.

ಮ್ಯಾಕ್ ಮತ್ತು ಲಿನಕ್ಸಿನಲ್ಲಿ?

ಕಾರಣಗಳು ಅವೇ, ನೋಡುವ ಜಾಗ ಬೇರೆ. ಲಿನಕ್ಸಿನಲ್ಲಿ ಹಿಂದಿನ ಸಲ ಆನ್ ಆಗಿದ್ದಾಗಿನ ಜರ್ನಲ್ (ಲಿನಕ್ಸ್ ತಾನೇ ಬರೆದಿಡುವ ಲಾಗ್) ತೆರೆದು ಕೊನೆಯ ಸಾಲುಗಳನ್ನು ಓದಿ. ಬಿಸಿ ಮಿತಿ ಮೀರಿದ್ದರೆ "ಕ್ರಿಟಿಕಲ್ ಟೆಂಪರೇಚರ್" ಎಂಬ ಮಾತು ಅಲ್ಲಿ ಸಿಗಬಹುದು. ಇಂಟೆಲ್ ಮ್ಯಾಕುಗಳಲ್ಲಿ ಎಸ್‌ಎಂಸಿ (ಕರೆಂಟು, ಫ್ಯಾನು ನೋಡಿಕೊಳ್ಳುವ ಚಿಪ್) ರೀಸೆಟ್ ಮಾಡಿ ನೋಡಬಹುದು. ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕುಗಳಲ್ಲಿ ಅಂಥ ಬೇರೆ ರೀಸೆಟ್ ಇಲ್ಲ.

ಹೀಗೆ ಆಫ್ ಆಗುತ್ತಲೇ ಇದ್ದರೆ ನನ್ನ ಫೈಲುಗಳಿಗೆ ಏನಾದರೂ ಆಗುತ್ತದೆಯೇ?

ಫೈಲ್ ಬರೆಯುತ್ತಿರುವ ಕ್ಷಣದಲ್ಲೇ ಆಫ್ ಆದರೆ ಆ ಫೈಲ್ ಹಾಳಾಗಬಹುದು. ಇಂದಿನ ಫೈಲ್ ಸಿಸ್ಟಮ್‌ಗಳು ಬದಲಾವಣೆಗಳ ಲೆಕ್ಕ ಇಟ್ಟುಕೊಳ್ಳುವುದರಿಂದ ಇಡೀ ಡಿಸ್ಕ್ ಕೈಕೊಡುವುದು ಕಡಿಮೆ, ಆದರೂ ಅದೃಷ್ಟ ಪರೀಕ್ಷಿಸಬೇಡಿ. ಮೇಲಿನ ಯಾವುದನ್ನೂ ಶುರು ಮಾಡುವ ಮುಂಚೆ, ಕಂಪ್ಯೂಟರ್ ಎಷ್ಟು ಹೊತ್ತು ಓಡುತ್ತದೋ ಅಷ್ಟರಲ್ಲಿ ಮುಖ್ಯವಾದುದನ್ನು ಹೊರಗಿನ ಡ್ರೈವಿಗೆ ಹಾಕಿಕೊಳ್ಳಿ. ಬಿಸಿಯ ಪರೀಕ್ಷೆ, ಗೇಮಿನ ಪರೀಕ್ಷೆ ಎಲ್ಲ ಬೇಕೆಂದೇ ಆಫ್ ಮಾಡಿಸುವಂಥವು, ಅಲ್ವಾ?

ರಿಪೇರಿಯವರಿಗೆ ಯಾವಾಗ ಕೊಡಬೇಕು? ಏನು ಹೇಳಬೇಕು?

ಸುಟ್ಟ ವಾಸನೆ ಬಂದರೆ, ಕಿಡಿ ಕಂಡರೆ, ಬ್ಯಾಟರಿ ಊದಿದ್ದರೆ ಆ ಕ್ಷಣವೇ ಪ್ಲಗ್ ಕಿತ್ತು ಕೊಟ್ಟುಬಿಡಿ. ವಾರಂಟಿ ಇದ್ದರೆ ಬಿಚ್ಚುವ ಮುಂಚೆಯೇ ಕೊಡಿ. ಉಳಿದಂತೆ, ಎಸ್‌ಎಂಪಿಎಸ್ ಬದಲಾಯಿಸಿಯೂ, ರ‍್ಯಾಮ್ ಪರೀಕ್ಷೆ ಪಾಸಾಗಿಯೂ, ಬಿಸಿ ಇಲ್ಲದೆಯೂ ಆಫ್ ಆಗುತ್ತಿದ್ದರೆ ಮದರ್‌ಬೋರ್ಡಿನ ಮೇಲೆ ಅನುಮಾನ ಬರುತ್ತದೆ. ಅದನ್ನು ಮನೆಯಲ್ಲಿ ಖಚಿತ ಮಾಡಿಕೊಳ್ಳುವುದು ಕಷ್ಟ.

"ಆಗಾಗ ಆಫ್ ಆಗುತ್ತೆ" ಎಂದಷ್ಟೇ ಹೇಳಿ ಕೊಟ್ಟು ಬಂದರೆ ಅವರು ಹತ್ತು ನಿಮಿಷ ಓಡಿಸಿ, "ನಮ್ಮಲ್ಲಿ ಚೆನ್ನಾಗಿಯೇ ಇದೆ" ಎಂದು ವಾಪಸ್ ಕೊಡುತ್ತಾರೆ. ನೀವು ಬರೆದಿಟ್ಟ ಆ ಹಾಳೆಯನ್ನು ಜೊತೆಗೆ ಕೊಡಿ. ಯಾವ ಗೇಮಿನಲ್ಲಿ, ಎಷ್ಟು ನಿಮಿಷಕ್ಕೆ, ಮತ್ತೆ ಆನ್ ಮಾಡಲು ಏನು ಮಾಡಬೇಕಾಯಿತು, ಈವರೆಗೆ ಏನೇನು ಬದಲಾಯಿಸಿದಿರಿ, ಇವೆಲ್ಲ ಅದರಲ್ಲಿರಲಿ. ಲ್ಯಾಪ್‌ಟಾಪ್ ಆದರೆ ಚಾರ್ಜರನ್ನೂ ತಪ್ಪದೆ ಒಯ್ಯಿರಿ, ತಪ್ಪು ಅದರಲ್ಲೇ ಇರಬಹುದು.